ಊರಿನ ಕಾಮಗಾರಿ ಯಾರಿಂದ ಮಾಡಿಸಬೇಕು? ಉದ್ಯೋಗ ಖಾತ್ರಿ, ಟೆಂಡರ್, ಭೂಸೇನೆ, ಸ್ವಸಹಾಯ ಸಂಘ: ಒಂದು ಹೋಲಿಕೆ

ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಕೆರೆ, ಶಾಲೆ ಕಾಂಪೌಂಡು ಎಂದು ಪಟ್ಟಿ ಮಾಡುವುದು ಕಷ್ಟವಲ್ಲ. ಕೆಲಸವನ್ನು ಯಾರ ಕೈಗೆ ಕೊಡಬೇಕು ಎಂಬ ಮಾತು ಬಂದಾಗ ಸಭೆ ಎರಡು ಮೂರು ಗುಂಪಾಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಮಾಡಿಸಿ, ನಾಲ್ಕು ಮನೆಗೆ ಕೂಲಿ ಸಿಗಲಿ ಅನ್ನುವವರು ಒಂದು ಕಡೆ. ಟೆಂಡರ್ ಕರೆಯಿರಿ, ಇಲ್ಲದಿದ್ದರೆ ಕೆಲಸ ಮುಗಿಯುವುದಿಲ್ಲ ಅನ್ನುವವರು ಇನ್ನೊಂದು ಕಡೆ. ಸರ್ಕಾರದ ನಿರ್ಮಾಣ ಸಂಸ್ಥೆಯಾದ ಭೂಸೇನೆಗೆ ಕೊಟ್ಟುಬಿಡಿ, ತಲೆನೋವು ಬೇಡ ಅನ್ನುವವರೂ ಇರುತ್ತಾರೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಪಂಚಾಯಿತಿಗಳಲ್ಲಿ ಈ ವಾದಕ್ಕೆ ಹೆಚ್ಚು ತೂಕ, ಯಾಕೆಂದರೆ ಮಳೆ ಕೈಕೊಟ್ಟ ವರ್ಷ ಅಲ್ಲಿನ ಜನ ಗುಳೆ ಹೋಗುವುದೋ ಊರಲ್ಲೇ ಉಳಿಯುವುದೋ ಎಂಬುದು ಇಂಥ ತೀರ್ಮಾನಗಳ ಮೇಲೂ ನಿಂತಿರುತ್ತದೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸಂಸ್ಥೆಯ ಹೆಸರು ನೋಡಿ ಆರಿಸಿದರೆ ಮೋಸ ಹೋಗುತ್ತೀರಿ. ಮೊದಲು ಅಂದಾಜು ಪಟ್ಟಿ ಕೈಗೆ ತೆಗೆದುಕೊಂಡು ಅದರಲ್ಲಿ ಕೂಲಿಯ ಪಾಲೆಷ್ಟು ಎಂದು ನೋಡಿ. ಯಾರ ಕೈಗೆ ಕೊಡಬೇಕು ಎಂಬುದು ಆಮೇಲಿನ ಪ್ರಶ್ನೆ.

ಅಳೆಯುವುದು ಹೇಗೆ

100 ಮೀಟರ್ ಉದ್ದ, 3.5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿ.ಸಿ. ರಸ್ತೆ ಎಂದುಕೊಳ್ಳಿ. ಕಾಂಕ್ರೀಟು 52.5 ಘನ ಮೀಟರ್. 1:1.5:3 ಮಿಶ್ರಣವಾದರೆ ಘನ ಮೀಟರಿಗೆ ಎಂಟು ಚೀಲದಂತೆ ಸುಮಾರು 420 ಚೀಲ ಸಿಮೆಂಟ್, 22 ಘನ ಮೀಟರ್ ಎಂ-ಸ್ಯಾಂಡ್, 44 ಘನ ಮೀಟರ್ ಜಲ್ಲಿ ಬೇಕು. ಊರಲ್ಲೇ ಮಿಕ್ಸರ್ ಇಟ್ಟು ಕಲಸಿದರೆ ಬೇಕಾಗುವುದು ಹೆಚ್ಚೆಂದರೆ 100ರಿಂದ 130 ಆಳುದಿನ. ಒಟ್ಟು ಖರ್ಚಿನಲ್ಲಿ ಕೂಲಿ ಐದರಲ್ಲೊಂದು ಪಾಲನ್ನೂ ಮುಟ್ಟುವುದು ಕಷ್ಟ. ಉಳಿದದ್ದು ಸಿಮೆಂಟ್ ಕಂಪನಿಗೆ, ಕ್ರಷರ್‌ಗೆ, ಲಾರಿ ಬಾಡಿಗೆಗೆ ಹೋಗುತ್ತದೆ. ರೆಡಿಮಿಕ್ಸ್ ಲಾರಿ ಬಂದರೆ ಊರವರಿಗೆ ಉಳಿಯುವುದು ಗೋಣಿಚೀಲ ಹಾಸಿ ನೀರು ಹಾಕುವ ಕೆಲಸ ಮಾತ್ರ.

ಇಂಥ ರಸ್ತೆಗೆ 4 ಲಕ್ಷ ರೂಪಾಯಿ ಎಂದುಕೊಳ್ಳಿ. ಅದೇ 4 ಲಕ್ಷವನ್ನು ಕೆರೆ ಹೂಳೆತ್ತಲು ಕೈಕೆಲಸದಲ್ಲಿ ಖರ್ಚು ಮಾಡಿದರೆ, 2025-26ರ ಉದ್ಯೋಗ ಖಾತ್ರಿ ಕೂಲಿ ದರ 370 ರೂಪಾಯಿಯ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಆಳುದಿನ. ಅಂದರೆ ನೂರು ಮನೆಗೆ ಹತ್ತು ದಿನದ ಕೂಲಿ. ರಸ್ತೆ ಬೇಡ, ಕೆರೆ ಬೇಕು ಎಂದು ಇದರ ಅರ್ಥವಲ್ಲ. ರಸ್ತೆ ಮಾಡಿಸಿ, ಆದರೆ ರಸ್ತೆಯಿಂದ ಊರಿಗೆ ಕೂಲಿ ಬರುತ್ತದೆ ಎಂದು ನಂಬಿಕೊಂಡು ಮಾಡಿಸಬೇಡಿ.

ಕೂಲಿಯ ಪಾಲಿನ ಜೊತೆಗೆ ಇನ್ನೂ ನಾಲ್ಕು ವಿಷಯ ತೂಗಿ ನೋಡಬೇಕು. ಕೂಲಿ ಯಾವ ದಾರಿಯಲ್ಲಿ, ಎಷ್ಟು ದಿನಕ್ಕೆ ಕೈ ಸೇರುತ್ತದೆ? ಕೆಲಸ ಕೆಟ್ಟರೆ ಒಂದು ವರ್ಷದ ಮೇಲೆ ಯಾರನ್ನು ಹಿಡಿದು ಕೇಳಬಹುದು? ಲೆಕ್ಕ ಊರವರ ಕಣ್ಣಿಗೆ ಬೀಳುತ್ತದೆಯೇ? ಬಿಲ್ ಆಗುವವರೆಗೆ ಕೈಯಿಂದ ಹಣ ಹಾಕುವವರು ಯಾರು? ಈ ಕೊನೆಯ ಪ್ರಶ್ನೆಯನ್ನು ಬಹಳ ಸಭೆಗಳು ಕೇಳುವುದೇ ಇಲ್ಲ. ಅರ್ಧಕ್ಕೆ ನಿಂತ ಕಾಮಗಾರಿಗಳಲ್ಲಿ ಬಹುಪಾಲು ನಿಂತಿರುವುದು ಅಲ್ಲಿಯೇ.

ಆಯ್ಕೆ ಎಲ್ಲ ಕೆಲಸದಲ್ಲೂ ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದನ್ನೂ ತಿಳಿದಿರಿ. ಉದ್ಯೋಗ ಖಾತ್ರಿ, ಹಣಕಾಸು ಆಯೋಗದ ಅನುದಾನ, ಪಂಚಾಯಿತಿಯ ಸ್ವಂತ ತೆರಿಗೆ ಹಣ ಇವುಗಳಲ್ಲಿ ಪಂಚಾಯಿತಿಗೆ ಮಾತಿದೆ. ಶಾಸಕರ ನಿಧಿಯಂಥವುಗಳಲ್ಲಿ ಯಾರು ಮಾಡಬೇಕೆಂಬುದು ಮಂಜೂರಾತಿ ಆದೇಶದಲ್ಲೇ ಬಂದಿರುತ್ತದೆ. ಆದೇಶದ ಪ್ರತಿ ನೋಡದೆ ವಾದಕ್ಕೆ ಇಳಿದರೆ ಸಭೆಯ ಸಮಯ ಹಾಳು.

ಉದ್ಯೋಗ ಖಾತ್ರಿ

ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳು 2006ರಲ್ಲಿ ಯೋಜನೆ ಶುರುವಾದಾಗಲೇ ಮೊದಲ ಹಂತದಲ್ಲಿದ್ದವು. ರಾಜ್ಯದಲ್ಲಿ ಆಗ ಆಯ್ಕೆಯಾದದ್ದು ಐದೇ ಜಿಲ್ಲೆ, ಉಳಿದ ಮೂರು ಬೀದರ್, ಗುಲ್ಬರ್ಗ, ರಾಯಚೂರು. ಹಾಗಾಗಿ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆಸುವುದು, ಜಾಬ್ ಕಾರ್ಡ್, ಅಳತೆ ಕೂಲಿ ಇವೆಲ್ಲ ಇಲ್ಲಿನ ಜನಕ್ಕೆ ಹೊಸದಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಬದಲಿಗೆ ‘ವಿಬಿ-ಜಿ ರಾಮ್ ಜಿ’ ಎಂಬ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಖಾತರಿ 100 ದಿನದ ಬದಲು 125 ದಿನ, ವೆಚ್ಚದಲ್ಲಿ ಕೇಂದ್ರ-ರಾಜ್ಯದ ಪಾಲು 60:40, ಬಿತ್ತನೆ-ಕೊಯ್ಲಿನ ಕಾಲದಲ್ಲಿ 60 ದಿನ ಕೆಲಸಕ್ಕೆ ಬಿಡುವು. ಕೆಳಗೆ ಹೇಳುವ ನಿಯಮಗಳು ಹಳೆಯ ಕಾಯ್ದೆಯಾದ ನರೇಗಾದವು. ನಿಮ್ಮ ಪಂಚಾಯಿತಿಯಲ್ಲಿ ಕ್ರಿಯಾಯೋಜನೆ ಯಾವ ಕಾಯ್ದೆಯಡಿ ಆಗುತ್ತಿದೆ ಎಂದು ಪಿಡಿಒ ಹತ್ತಿರ ಮೊದಲು ಕೇಳಿಕೊಳ್ಳಿ.

ಕೂಲಿಯ ಪಾಲಿನಲ್ಲಿ ಇದಕ್ಕೆ ಸಾಟಿ ಇಲ್ಲ. ಗುತ್ತಿಗೆದಾರರಿಗೆ ಅವಕಾಶವಿಲ್ಲ, ಆಳಿನ ಕೆಲಸ ಕಸಿಯುವ ಯಂತ್ರಕ್ಕೆ ಅವಕಾಶವಿಲ್ಲ, ಸಾಮಗ್ರಿ ಖರ್ಚು ಜಿಲ್ಲೆಯ ಲೆಕ್ಕದಲ್ಲಿ ಶೇ 40 ಮೀರುವಂತಿಲ್ಲ. ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ. ಲೆಕ್ಕ ಕಾಣುವುದರಲ್ಲೂ ಇದೇ ಮುಂದು: ಯಾರ ಹೆಸರಿಗೆ ಎಷ್ಟು ದಿನ, ಎಷ್ಟು ಹಣ ಎಂಬುದು ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ, ಸಾಮಾಜಿಕ ಪರಿಶೋಧನೆ ಕಡ್ಡಾಯ.

ಸೋಲುವುದು ಸಣ್ಣ ಸಣ್ಣ ಕಡೆಗಳಲ್ಲಿ. ಮೊದಲನೆಯದು ಅರ್ಜಿ. ನಮೂನೆ 6 ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ತೆಗೆದುಕೊಳ್ಳದಿದ್ದರೆ ನೀವು ಕೆಲಸ ಕೇಳಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಭಾಗ ನಿರುದ್ಯೋಗ ಭತ್ಯೆ ಸಿಗಬೇಕು. ಸ್ವೀಕೃತಿ ಇಲ್ಲದೆ ಅದು ಸಿಗದು. ಎರಡನೆಯದು ಹಾಜರಿ. ಸಮುದಾಯ ಕಾಮಗಾರಿಯಲ್ಲಿ ದಿನಕ್ಕೆ ಎರಡು ಸಲ ಫೋಟೊ ಹಾಕಬೇಕು. ಮೊಳಕಾಲ್ಮುರಿನ ಗುಡ್ಡದ ಸಾಲಿನ ಊರುಗಳಲ್ಲಿ ಸಿಗ್ನಲ್ ಸಿಗದೆ ಎರಡನೇ ಫೋಟೊ ಹೋಗದಿದ್ದರೆ ಅವತ್ತಿನ ಬೆವರು ವ್ಯರ್ಥ. ಕೂಲಿಕಾರರ ಗುಂಪಿನ ಮುಂದಾಳಾದ ಕಾಯಕ ಬಂಧು ಫೋಟೊ ತೆಗೆದು ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಕಳಿಸುವ ವ್ಯವಸ್ಥೆ ಮೊದಲ ದಿನವೇ ಆಗಬೇಕು, ಕಳಿಸಿದ್ದು ದಾಖಲಾಯಿತೇ ಎಂದು ಅಂದೇ ಸಂಜೆ ನೋಡಬೇಕು.

ಮೂರನೆಯದೇ ದೊಡ್ಡದು: ಅಳತೆ. ಕೂಲಿ ಕೊಡುವುದು ಬಂದ ದಿನಕ್ಕಲ್ಲ, ಅಗೆದ ಮಣ್ಣಿಗೆ. ಮಣ್ಣಿನ ವರ್ಗ ಅಂದಾಜಿನಲ್ಲಿ ಏನೆಂದು ಬರೆದಿದೆಯೋ ಅದರ ಮೇಲೆ ತಲಾ ಎಷ್ಟು ಅಗೆಯಬೇಕು ಎಂಬುದು ನಿಂತಿದೆ. ಏಪ್ರಿಲ್‌ನಲ್ಲಿ ಒಣಗಿದ ಕೆರೆ ಅಂಗಳ ಹಾರೆಗೂ ಜಗ್ಗದಷ್ಟು ಗಟ್ಟಿಯಾಗಿರುತ್ತದೆ. ಅಂದಾಜಿನಲ್ಲಿ ಅದನ್ನು ಮೆದು ಮಣ್ಣು ಎಂದು ಬರೆದಿದ್ದರೆ ಹತ್ತು ಜನ ಆರು ದಿನ ದುಡಿದರೂ ಪೂರ್ತಿ ಕೂಲಿ ಬೀಳುವುದಿಲ್ಲ, ಜನ ಸೋಮಾರಿಗಳು ಎಂಬ ಮಾತು ಬೇರೆ ಕೇಳಬೇಕು. ಅಂದಾಜು ಮಾಡುವ ದಿನವೇ ಇಂಜಿನಿಯರ್ ಜೊತೆ ಕೆರೆಗೆ ಹೋಗಿ, ಎರಡು ಮೂರು ಕಡೆ ಗುದ್ದಲಿ ಹಾಕಿಸಿ ತೋರಿಸಿ. ಕೆಲಸ ನಡೆಯುವಾಗ ಪ್ರತಿ ಗುಂಪಿನ ಗುಂಡಿಯ ನಡುವೆ ಅಗೆಯದೆ ಒಂದು ಮಣ್ಣಿನ ಗುಡ್ಡೆ ಉಳಿಸಿ. ಅದರ ನೆತ್ತಿಯೇ ಹಳೆಯ ನೆಲದ ಮಟ್ಟ. ಅಳತೆ ಪುಸ್ತಕಕ್ಕೆ ಆಳ ಬರೆಯುವವರೆಗೆ ಅದನ್ನು ಯಾರೂ ಕೆಡವಬಾರದು. ಕೆಡವಿದರೆ ಆಳ ಎಷ್ಟಿತ್ತು ಎಂಬುದು ಬರೆಯುವವರ ಅಂದಾಜಿಗೆ ಬಿಟ್ಟಿದ್ದು.

ಕೂಲಿ 15 ದಿನದೊಳಗೆ ಬರಬೇಕು, ತಡವಾದರೆ ಹದಿನಾರನೇ ದಿನದಿಂದ ದಿನಕ್ಕೆ ಶೇ 0.05 ಪರಿಹಾರ. ಆರು ದಿನದ ಕೂಲಿ 2,220 ರೂಪಾಯಿಗೆ ಅದು ದಿನಕ್ಕೆ ಒಂದು ರೂಪಾಯಿ ಹನ್ನೊಂದು ಪೈಸೆ. ಅದನ್ನು ನಂಬಿ ಸಂಸಾರ ನಡೆಯುವುದಿಲ್ಲ. ಇವತ್ತು ದುಡಿದು ಇವತ್ತೇ ಅಕ್ಕಿ ತರಬೇಕಾದ ಮನೆಗೆ ಉದ್ಯೋಗ ಖಾತ್ರಿ ಕಷ್ಟ. ಎರಡು ಮೂರು ವಾರ ತಡೆದುಕೊಳ್ಳುವ ಶಕ್ತಿ ಇದ್ದವರಿಗೆ, ಅಥವಾ ಸ್ವಸಹಾಯ ಸಂಘದಿಂದ ಕೈಸಾಲ ಸಿಗುವವರಿಗೆ ಒಳ್ಳೆಯದು.

ಸಾಮಗ್ರಿ ಬಿಲ್ಲಿನ ಕಥೆ ಇನ್ನೂ ಬಿಗಿ. ಕೂಲಿ ಬಂದರೂ ಸಿಮೆಂಟ್, ಕಬ್ಬಿಣದ ಹಣ ತಿಂಗಳುಗಟ್ಟಲೆ ಬಾರದಿರಬಹುದು. ಅಷ್ಟು ದಿನ ಕಾಯುವ ಅಂಗಡಿಯವರು ದರ ಏರಿಸುತ್ತಾರೆ, ಇಲ್ಲವೇ ಮಾಲು ಕಳಿಸುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ಉದ್ಯೋಗ ಖಾತ್ರಿಯಲ್ಲಿ ಮಣ್ಣಿನ ಕೆಲಸ ಜಾಸ್ತಿ ಇರುವುದನ್ನೇ ಆರಿಸಿ: ಹೂಳು, ಬದು, ಕೃಷಿಹೊಂಡ, ಕಾಲುವೆ ಸ್ವಚ್ಛತೆ, ಗಿಡ ನೆಡುವುದು. ಸಾಮಗ್ರಿ ಜಾಸ್ತಿ ಬೇಡುವ ಕೆಲಸವನ್ನು ಇದರೊಳಗೆ ತುರುಕಿದರೆ ಅಡಿಪಾಯದ ಮಟ್ಟಕ್ಕೆ ನಿಂತ ಗೋಡೆಗಳೇ ಉಳಿಯುವುದು.

ಹಂಗಾಮೂ ನೋಡಬೇಕು. ಭದ್ರಾ ಅಚ್ಚುಕಟ್ಟಿನ ಹರಿಹರ, ದಾವಣಗೆರೆ ಸೀಮೆಯಲ್ಲಿ ಭತ್ತದ ನಾಟಿ ನಡೆಯುವಾಗ ಖಾತ್ರಿ ಕೆಲಸಕ್ಕೆ ಆಳು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಚಳ್ಳಕೆರೆಯ ಶೇಂಗಾ ಸೀಮೆಯಲ್ಲಿ ಕೊಯ್ಲು ಮುಗಿದ ಮೇಲೆ ಮುಂಗಾರಿನವರೆಗೆ ಉದ್ದನೆಯ ಖಾಲಿ ಕಾಲ. ಅಲ್ಲಿ ಎನ್‌ಎಂಆರ್ ಜನವರಿಯಲ್ಲೇ ತೆಗೆಯಬೇಕು. ಜನ ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಮಾರ್ಚ್‌ನಲ್ಲಿ ತೆಗೆದು ಉಪಯೋಗವಿಲ್ಲ.

ಟೆಂಡರ್

ಕರ್ನಾಟಕದಲ್ಲಿ ಸರ್ಕಾರಿ ಖರೀದಿ ಮತ್ತು ಕಾಮಗಾರಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಜನ ಕೆಟಿಪಿಪಿ ಎಂದೇ ಕರೆಯುತ್ತಾರೆ. ಟೆಂಡರ್‌ಗಳು ಕೆಪಿಪಿಪಿ ಜಾಲತಾಣಕ್ಕೆ ಬರುತ್ತವೆ, ಯಾರು ಬೇಕಾದರೂ ತೆರೆದು ಓದಬಹುದು. ಸೇತುವೆ, ನೀರಿನ ಟ್ಯಾಂಕು, ಶಾಲಾ ಕೊಠಡಿ, ಸಿ.ಸಿ. ರಸ್ತೆ ಇಂಥ ಸಾಮಗ್ರಿ ಮತ್ತು ಯಂತ್ರದ ಕೆಲಸಕ್ಕೆ ಇದೇ ಸರಿಯಾದ ದಾರಿ. ಕೈಯಿಂದ ಹಣ ಹಾಕುವವರು ಗುತ್ತಿಗೆದಾರರು, ಭದ್ರತಾ ಠೇವಣಿ ಇಲಾಖೆಯ ಕೈಯಲ್ಲಿರುತ್ತದೆ, ಕೆಟ್ಟರೆ ದುರಸ್ತಿ ಮಾಡಿಕೊಡುವ ಹೊಣೆಯ ಅವಧಿ ಒಪ್ಪಂದದಲ್ಲಿ ಬರೆದಿರುತ್ತದೆ. ಹೊಣೆಯ ದೃಷ್ಟಿಯಿಂದ ನಾಲ್ಕರಲ್ಲಿ ಇದೇ ಗಟ್ಟಿ.

ಊರಿಗೆ ಕೂಲಿ ಸಿಗುತ್ತದೆಯೇ? ತಾನಾಗಿ ಸಿಗುವುದಿಲ್ಲ. ಹೊರಗಿನವರು ಭಾಗವಹಿಸಬಾರದು ಎಂಬ ಷರತ್ತು ಹಾಕಲು ಹೋಗಬೇಡಿ, ಅದು ನಿಲ್ಲುವುದಿಲ್ಲ. ಕಾನೂನಿನೊಳಗೇ ಮಾಡಬಹುದಾದ್ದು ಬೇಕಾದಷ್ಟಿದೆ. ರಾಜ್ಯದಲ್ಲಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಿದೆ. ಮೊದಲು 50 ಲಕ್ಷದವರೆಗಿನ ಕೆಲಸಕ್ಕಿದ್ದ ಈ ಮಿತಿಯನ್ನು 2023ರಲ್ಲಿ 1 ಕೋಟಿಗೆ ಏರಿಸಲಾಯಿತು. ನಾಯಕ ಸಮುದಾಯ ಹೆಚ್ಚಿರುವ ಚಳ್ಳಕೆರೆ, ಮೊಳಕಾಲ್ಮುರು, ಜಗಳೂರಿನಲ್ಲಿ ಇದಕ್ಕೆ ನಿಜವಾದ ಅರ್ಥವಿದೆ. ಆದರೆ ಲೈಸೆನ್ಸ್ ಒಬ್ಬರದು, ಕೆಲಸ ಇನ್ನೊಬ್ಬರದು ಆದಾಗ ಮೀಸಲಾತಿಯ ಲಾಭ ಕಾಗದದಲ್ಲೇ ಉಳಿಯುತ್ತದೆ. ಕೆಲಸದ ಜಾಗದಲ್ಲಿ ಕೂಲಿ ಬಟವಾಡೆ ಮಾಡುವವರು ಯಾರು ಎಂದು ಗಮನಿಸಿದರೆ ಅದು ಗೊತ್ತಾಗುತ್ತದೆ.

ಇನ್ನೊಂದು, ಪ್ಯಾಕೇಜಿನ ಗಾತ್ರ. ಹತ್ತು ಊರಿನ ಕೆಲಸ ಸೇರಿಸಿ ಒಂದೇ ಟೆಂಡರ್ ಮಾಡಿದರೆ ತಾಲ್ಲೂಕಿನ ಸಣ್ಣ ಗುತ್ತಿಗೆದಾರರು ಅರ್ಹತೆಯಲ್ಲೇ ಬಿದ್ದುಹೋಗುತ್ತಾರೆ. ಹಾಗೆಂದು ಟೆಂಡರ್ ತಪ್ಪಿಸಲು ಒಂದೇ ರಸ್ತೆಯನ್ನು ತುಂಡು ಮಾಡುವುದು ಅಕ್ರಮ. ನಡುವಿನ ದಾರಿ ಎಂದರೆ ಪ್ರತಿ ಊರಿನ ಪೂರ್ಣ ಕೆಲಸಕ್ಕೆ ಒಂದೊಂದು ಟೆಂಡರ್ ಕರೆಯುವುದು. ಪಂಚಾಯಿತಿ ನಿರ್ಣಯದಲ್ಲಿ ಇದನ್ನು ಕೇಳಬಹುದು.

ಅತಿ ಕಡಿಮೆ ದರ ನೋಡಿ ಹಿಗ್ಗಬೇಡಿ. 20 ಲಕ್ಷದ ಅಂದಾಜಿಗೆ ಶೇ 22 ಕಡಿಮೆ ಹಾಕಿದರೆ 15.6 ಲಕ್ಷ. ದರಪಟ್ಟಿಯಲ್ಲಿ ಗುತ್ತಿಗೆದಾರರ ಲಾಭಕ್ಕೆಂದು ಇಟ್ಟಿರುವುದು ಸಾಮಾನ್ಯವಾಗಿ ಶೇ 10ರ ಆಸುಪಾಸು. ಉಳಿದ ಶೇ 12 ಎಲ್ಲಿಂದ ಬರಬೇಕು? ಸಿಮೆಂಟಿನಿಂದ, ಕಾಂಕ್ರೀಟಿಗೆ ನೀರು ಹಾಕುವ ಕ್ಯೂರಿಂಗ್‌ನಿಂದ, ಕೂಲಿಯಿಂದ. ಇಂಥ ಕಡೆ ಹೆಚ್ಚುವರಿ ಭದ್ರತಾ ಠೇವಣಿ ಕೇಳಿ, ನಿಗಾ ಎರಡರಷ್ಟು ಮಾಡಿ.

ನಿಗಾ ಇಡಲು ಇಂಜಿನಿಯರಿಂಗ್ ಓದಿರಬೇಕಿಲ್ಲ. ಮೇಲೆ ಹೇಳಿದ 100 ಮೀಟರ್ ರಸ್ತೆಗೆ ಖಾಲಿ ಸಿಮೆಂಟ್ ಚೀಲಗಳನ್ನು ಅಳತೆ ಮುಗಿಯುವವರೆಗೆ ಅಲ್ಲೇ ಕಟ್ಟಿಡಲು ಹೇಳಿ, 420ರ ಹತ್ತಿರ ಇರಬೇಕು. ಮಿಕ್ಸರಿಗೆ ಒಂದು ಚೀಲ ಸಿಮೆಂಟಿಗೆ 35 ಲೀಟರಿನ ಪೆಟ್ಟಿಗೆಯಲ್ಲಿ ಮರಳು ಒಂದೂವರೆ, ಜಲ್ಲಿ ಮೂರು ಹೋಗಬೇಕು. ಬಾಂಡ್ಲಿ ಲೆಕ್ಕದಲ್ಲಿ ಸುರಿಯುತ್ತಿದ್ದರೆ ನಿಲ್ಲಿಸಿ ಕೇಳಿ. ಸುಲಭವಾಗಿ ಎಳೆಯಲಿ ಎಂದು ನೀರು ಜಾಸ್ತಿ ಹಾಕಿದ ಕಾಂಕ್ರೀಟಿನ ಮೇಲ್ಮೈ ಮೊದಲ ಮಳೆಗಾಲದಲ್ಲೇ ಪುಡಿ ಏಳುತ್ತದೆ. ಕನಿಷ್ಠ 14 ದಿನ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಬೇಸಿಗೆಯಲ್ಲಿ ಊರಿಗೇ ಟ್ಯಾಂಕರ್ ನೀರು ಬರುತ್ತಿರುವಾಗ ಇದು ತಪ್ಪುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಜಗಳೂರಿನಂಥ ಕಡೆ ಕಾಂಕ್ರೀಟ್ ಕೆಲಸವನ್ನು ಮಳೆಗಾಲ ಮುಗಿದ ಬೆನ್ನಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ನೀರು ಹಾಕುವ ಕೆಲಸಕ್ಕೆ ಊರಿನ ಇಬ್ಬರನ್ನು ಕೂಲಿ ಕೊಟ್ಟು ನೇಮಿಸಬೇಕೆಂದು ಪಂಚಾಯಿತಿ ಗುತ್ತಿಗೆದಾರರಿಗೆ ಹೇಳಬಹುದು. ಅವರ ಮನೆ ಮುಂದಿನ ರಸ್ತೆಯೇ ಆದ್ದರಿಂದ ಕೆಲಸ ತಪ್ಪುವುದಿಲ್ಲ.

ಕಾರ್ಮಿಕರ ಹಕ್ಕಿನ ಮಾತು. ಕಾಮಗಾರಿ ಬಿಲ್ಲಿನಲ್ಲಿ ಶೇ 1 ಕಟ್ಟಡ ಕಾರ್ಮಿಕರ ಸೆಸ್ ಕಡಿತವಾಗಿ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ಹಣ ಊರಿಗೆ ವಾಪಸು ಬರುವುದು ನಿಮ್ಮ ಮೇಸ್ತ್ರಿ, ಹೆಲ್ಪರ್, ಬಾರ್ ಬೆಂಡರ್, ಪೇಂಟರ್‌ಗಳ ಬಳಿ ಲೇಬರ್ ಕಾರ್ಡ್ ಇದ್ದರೆ ಮಾತ್ರ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಬಹುದು. ಆ 90 ದಿನಕ್ಕೆ ಪುರಾವೆ ಕೊಡುವುದೇ ತೊಡಕು. ಊರಿನ ಕಾಮಗಾರಿಯಲ್ಲಿ ದುಡಿದವರಿಗೆ ಗುತ್ತಿಗೆದಾರರು ದಿನಗಳ ಪತ್ರ ಬರೆದುಕೊಡಬೇಕು ಎಂಬುದನ್ನು ಕೆಲಸ ಶುರುವಾಗುವ ಮುಂಚಿನ ಸಭೆಯಲ್ಲೇ ಒಪ್ಪಿಸಿಕೊಳ್ಳಿ. ಬಿಲ್ ಆಗಿ ಅವರು ಮುಂದಿನ ತಾಲ್ಲೂಕಿಗೆ ಹೋದ ಮೇಲೆ ಫೋನ್ ಎತ್ತುವವರಿಲ್ಲ. ಕೂಲಿ ಬಾಕಿ ಉಳಿಸಿದ್ದರೆ ಅಂತಿಮ ಬಿಲ್ಲಿಗೆ ಮುಂಚೆ ಲಿಖಿತವಾಗಿ ಪಂಚಾಯಿತಿಗೂ ಇಲಾಖೆಗೂ ಕಾರ್ಮಿಕ ನಿರೀಕ್ಷಕರಿಗೂ ದೂರು ಕೊಡಿ. ಹಣ ಇಲಾಖೆಯ ಕೈಯಲ್ಲಿರುವಾಗ ಕೊಟ್ಟ ದೂರಿಗೆ ಇರುವ ಬಲ ಆಮೇಲೆ ಇರುವುದಿಲ್ಲ.

ಭೂಸೇನೆ, ನಿರ್ಮಿತಿ ಕೇಂದ್ರ

ಭೂಸೇನೆಯ ಈಗಿನ ಹೆಸರು ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತ, ಕೆಆರ್‌ಐಡಿಎಲ್. ಗುತ್ತಿಗೆದಾರರಿಲ್ಲದೆ ಹಳ್ಳಿಯ ನಿರುದ್ಯೋಗಿಗಳಿಗೆ ನೇರವಾಗಿ ಕೆಲಸ ಕೊಡುವುದು ಹುಟ್ಟಿದಾಗಿನ ಉದ್ದೇಶ. ನಿರ್ಮಿತಿ ಕೇಂದ್ರಗಳು ಜಿಲ್ಲಾ ಮಟ್ಟದವು. ಕಡಿಮೆ ವೆಚ್ಚದ ಕಟ್ಟಡ ವಿಧಾನ, ಮಣ್ಣಿನ ಬ್ಲಾಕು, ಗಾರೆ ಕೆಲಸದವರಿಗೆ ತರಬೇತಿ ಇವು ಅವುಗಳ ಮೂಲ ಕಸುಬು. ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿಯಡಿ ಇಂಥ ಸಂಸ್ಥೆಗಳಿಗೆ ಟೆಂಡರ್ ಇಲ್ಲದೆ ಕೆಲಸ ವಹಿಸಬಹುದು.

ಲಾಭ ಸ್ಪಷ್ಟ: ಟೆಂಡರಿನ ವಾರಗಳು ಉಳಿಯುತ್ತವೆ, ಅಂಗನವಾಡಿಯ ಮಾಡು ದುರಸ್ತಿಯಂಥ, ಗುತ್ತಿಗೆದಾರರು ಮೂಸಿಯೂ ನೋಡದ ಸಣ್ಣ ಕೆಲಸ ಆಗುತ್ತದೆ. ಆದರೆ ಪೈಪೋಟಿ ಇಲ್ಲದ ಕಡೆ ದರ ಇಳಿಯಲು ಕಾರಣವೇ ಇರುವುದಿಲ್ಲ. ಹೆಸರು ಸಂಸ್ಥೆಯದಾಗಿ, ಕೆಲಸ ತುಂಡು ಗುತ್ತಿಗೆ (ಪೀಸ್ ವರ್ಕ್) ಮೇಲೆ ಯಾರೋ ಮೂರನೆಯವರ ಕೈಗೆ ಹೋದರೆ ಗುತ್ತಿಗೆದಾರರಿಗಿದ್ದ ಠೇವಣಿಯ ಭಯವೂ ಇಲ್ಲ, ಸಂಸ್ಥೆಯ ನೇರ ಕೂಲಿಯೂ ಇಲ್ಲ. ಅದು ಎರಡೂ ಕಡೆಯ ನಷ್ಟ. ವಹಿಸುವ ಮುಂಚೆ ಮೂರು ವಿಷಯ ಬರೆಸಿಕೊಳ್ಳಿ: ಸ್ಥಳದಲ್ಲಿರುವ ಇಂಜಿನಿಯರ್ ಯಾರು, ಕೂಲಿ ಪಟ್ಟಿ ಯಾರ ಹೆಸರಲ್ಲಿ, ಕೆಟ್ಟರೆ ಎಷ್ಟು ವರ್ಷದವರೆಗೆ ದುರಸ್ತಿ ಅವರದು. ಉತ್ತರ ಬಾಯಿಮಾತಿನಲ್ಲೇ ಉಳಿದರೆ ಟೆಂಡರ್ ಕರೆಯುವುದೇ ಮೇಲು.

ಸ್ವಸಹಾಯ ಸಂಘ

ಕಟ್ಟುವ ಕೆಲಸಕ್ಕಿಂತ ನಡೆಸಿಕೊಂಡು ಹೋಗುವ ಕೆಲಸಕ್ಕೆ ಇವು ಹೇಳಿಮಾಡಿಸಿದ ಆಯ್ಕೆ. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಕಸದ ವಾಹನ ಓಡಿಸಿ, ಸ್ವಚ್ಛ ಸಂಕೀರ್ಣದಲ್ಲಿ ಕಸ ವಿಂಗಡಿಸುತ್ತಿದ್ದಾರೆ. ರಸ್ತೆ ಒಂದು ತಿಂಗಳ ಕೂಲಿ ಕೊಟ್ಟರೆ ಇದು ಹನ್ನೆರಡು ತಿಂಗಳು ಕೊಡುತ್ತದೆ. ತಾಳೆ ಹಾಕಿದರೆ ಊರಿನ ಬಡ ಹೆಣ್ಣುಮಕ್ಕಳಿಗೆ ಸರ್ಕಾರದ ಹಣ ಅತ್ಯಂತ ನೇರವಾಗಿ ಮುಟ್ಟುವುದು ಇಲ್ಲಿಯೇ.

ಕಟ್ಟಡ ಕೆಲಸವನ್ನು ಸಂಘಕ್ಕೆ ಕೊಡುವ ಆಸೆ ಇದ್ದರೆ ಬಂಡವಾಳದ ಪ್ರಶ್ನೆಗೆ ಮೊದಲು ಉತ್ತರ ಹುಡುಕಿ. ಬಿಲ್ ಮೂರು ತಿಂಗಳು ತಡವಾದರೆ ಸಂಘ ತನ್ನ ಉಳಿತಾಯ ಕರಗಿಸಬೇಕಾಗುತ್ತದೆ, ಸಾಲದ ಕಂತು ತಪ್ಪುತ್ತದೆ. ಕಸದ ಕೆಲಸದಲ್ಲೂ ಮನೆ ಮನೆಯ ಶುಲ್ಕ ವಸೂಲಿ ಮಹಿಳೆಯರ ತಲೆಗೇ ಕಟ್ಟಬೇಡಿ. ವಸೂಲಿ ಕಡಿಮೆಯಾದ ತಿಂಗಳು ಗೌರವಧನ ಪಂಚಾಯಿತಿಯ ಯಾವ ನಿಧಿಯಿಂದ ಬರುತ್ತದೆ ಎಂಬುದು ಒಪ್ಪಂದದಲ್ಲಿರಲಿ.

ಕೂಡಿಸಿ ಮಾಡುವುದು

ಅನೇಕ ಕೆಲಸಗಳಿಗೆ ಉತ್ತರ ಒಂದೇ ದಾರಿಯಲ್ಲಿಲ್ಲ. ಕೆರೆಯನ್ನೇ ನೋಡಿ: ಹೂಳು ತೆಗೆಯುವುದು ಮಣ್ಣಿನ ಕೆಲಸ, ತೂಬಿನ ದುರಸ್ತಿ ಕಲ್ಲು-ಕಾಂಕ್ರೀಟಿನ ಕೆಲಸ. ಮೊದಲನೆಯದು ಉದ್ಯೋಗ ಖಾತ್ರಿಯಲ್ಲಿ, ಎರಡನೆಯದು ಟೆಂಡರಿನಲ್ಲಿ. ಎರಡು ಅಂದಾಜು, ಎರಡು ಅಳತೆ ಪುಸ್ತಕ, ಒಂದರ ಅಳತೆ ಇನ್ನೊಂದಕ್ಕೆ ಬೀಳಬಾರದು. ಅಪಾಯ ಇರುವುದು ಹೊಂದಾಣಿಕೆಯಲ್ಲಿ. ತೂಬಿಗಾಗಿ ಏರಿಯನ್ನು ಬಗೆದಿಟ್ಟು ಬಿಲ್ ಜಗಳದಲ್ಲಿ ಕೆಲಸ ನಿಂತರೆ, ಮುಂಗಾರಿನ ಮೊದಲ ದೊಡ್ಡ ಮಳೆಗೆ ಏರಿಯೇ ಹೋಗಬಹುದು. ಕೆರೆ ಬತ್ತಿದ ಕೂಡಲೇ ತೂಬಿನ ಕೆಲಸ ಹಿಡಿದು ಏರಿ ಮುಚ್ಚಿಸಿ, ಹೂಳಿನ ಕೆಲಸ ಅದರಿಂದ ದೂರದಲ್ಲಿ ಜೊತೆಗೇ ನಡೆಯಲಿ. ಏಪ್ರಿಲ್ ಮುಗಿಯುವುದರೊಳಗೆ ಗುತ್ತಿಗೆ ಆಗದಿದ್ದರೆ ಆ ವರ್ಷ ಏರಿಗೆ ಕೈ ಹಾಕಬೇಡಿ.

ಚರಂಡಿಯಲ್ಲಿ ಆಯ್ಕೆ ಅಂದಾಜಿನೊಳಗೇ ಇದೆ. 45 ಸೆಂಟಿಮೀಟರ್ ಒಳ ಅಗಲ, 60 ಸೆಂಟಿಮೀಟರ್ ಆಳದ 100 ಮೀಟರ್ ಚರಂಡಿಗೆ 38 ಸೆಂಟಿಮೀಟರ್ ದಪ್ಪದ ಸೈಜುಗಲ್ಲಿನ ಗೋಡೆ ಕಟ್ಟಿದರೆ ಗೋಡೆಯೇ 45 ಘನ ಮೀಟರ್ ದಾಟುತ್ತದೆ. ಮೇಸ್ತ್ರಿಗಳಿಗೆ ಸುಮಾರು 40 ದಿನ, ಕೈಯಾಳುಗಳಿಗೆ ಅದರ ಎರಡರಷ್ಟು. ಚಿತ್ರದುರ್ಗ ಸೀಮೆಯಲ್ಲಿ ಕಲ್ಲಿಗೂ ಕಲ್ಲು ಕೆಲಸ ಬಲ್ಲ ಕುಟುಂಬಗಳಿಗೂ ಬರವಿಲ್ಲ. ಅದನ್ನೇ 10 ಸೆಂಟಿಮೀಟರಿನ ಆರ್‌ಸಿಸಿ ಮಾಡಿದರೆ ಕಾಂಕ್ರೀಟು 18-19 ಘನ ಮೀಟರಿಗೆ ಮುಗಿಯುತ್ತದೆ, ಜೊತೆಗೆ ಕಬ್ಬಿಣ, ಶಟರಿಂಗ್, ಅದನ್ನು ಬಲ್ಲ ಹೊರಗಿನ ತಂಡ. ಆದರೆ ಕಲ್ಲಿನ ಚರಂಡಿಯ ಹೊರ ಅಗಲ 1.2 ಮೀಟರ್, ಆರ್‌ಸಿಸಿಯದು 65 ಸೆಂಟಿಮೀಟರ್. ಹತ್ತಡಿಯ ಓಣಿಯಲ್ಲಿ ಕಲ್ಲು ಕಟ್ಟಿದರೆ ನಾಲ್ಕಡಿ ಚರಂಡಿಗೇ ಹೋಗಿ ಎತ್ತಿನ ಗಾಡಿಯೂ ಹಾಯುವುದಿಲ್ಲ. ಊರ ಹೊರಗಿನ ರಾಜಕಾಲುವೆ, ಅಗಲ ಬೀದಿಗಳಿಗೆ ಕಲ್ಲು, ಓಣಿಗೆ ಆರ್‌ಸಿಸಿ ಎಂದು ಅಂದಾಜು ಹಂತದಲ್ಲೇ ಬರೆಸಿ. ಮಂಜೂರಾದ ಮೇಲೆ ಬದಲಿಸುವುದು ಬಹಳ ಕಷ್ಟ.

ನಿಮ್ಮ ಕೈಯಲ್ಲಿ ಆಯ್ಕೆ ಇಲ್ಲದ ದೊಡ್ಡ ಕೆಲಸ

ಭದ್ರಾ ಮೇಲ್ದಂಡೆಯ ಕಾಲುವೆ, ತುಮಕೂರು-ದಾವಣಗೆರೆ ರೈಲು ಮಾರ್ಗದಂಥವು ಊರ ಪಕ್ಕದಲ್ಲೇ ಹಾದುಹೋದರೂ ಗುತ್ತಿಗೆ ಯಾರಿಗೆ ಎಂಬುದರಲ್ಲಿ ಪಂಚಾಯಿತಿಗೆ ಮಾತಿಲ್ಲ. ಅಲ್ಲಿ ಕೇಳಬೇಕಾದ್ದು ಬೇರೆ. ಟಿಪ್ಪರ್ ಓಡಾಟ ಶುರುವಾಗುವ ಮುಂಚೆ ಊರ ರಸ್ತೆಯ ಫೋಟೊ, ವಿಡಿಯೊ ತೆಗೆದಿಟ್ಟು, ಹಾಳಾದರೆ ದುರಸ್ತಿ ಮಾಡಿಕೊಡುವ ಬರಹ ಪಡೆಯಿರಿ. ಮಣ್ಣು ಬೇಕಾದರೆ ಕೆರೆ ಅಂಗಳದಿಂದ ಅನುಮತಿಯ ಮೇಲೆ ತೆಗೆಯಲಿ, ಆದರೆ ಏರಿಯ ಬುಡದಲ್ಲಿ ಅಲ್ಲ, ಒಂದೇ ಕಡೆ ಬಾವಿಯಂತೆಯೂ ಅಲ್ಲ. ಟ್ರ್ಯಾಕ್ಟರ್ ಬಾಡಿಗೆ, ಕಾವಲು, ಅಡುಗೆ, ಗಾರೆ ಕೆಲಸಕ್ಕೆ ಊರಿನವರ ಹೆಸರಿನ ಪಟ್ಟಿ ನೀವೇ ಮಾಡಿ ಕೊಟ್ಟರೆ ಗುತ್ತಿಗೆದಾರರಿಗೂ ಅನುಕೂಲ. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಗಣಿ ಬಾಧಿತ ಊರುಗಳು ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನೂ ಮರೆಯಬಾರದು. ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಅದರಲ್ಲಿ ಆದ್ಯತೆಯಿದೆ, ಗ್ರಾಮಸಭೆಯ ನಿರ್ಣಯ ಹಚ್ಚಿ ಕೇಳಿ.

ಹಾಗಾದರೆ ಯಾವುದು

ಕೂಲಿ ಬೇಕಾದ ಕೈಗಳು ಹೆಚ್ಚಿದ್ದು, ಕೆಲಸ ಮಣ್ಣಿನದಾಗಿದ್ದರೆ ಉದ್ಯೋಗ ಖಾತ್ರಿ. ಕಾಂಕ್ರೀಟು, ಕಬ್ಬಿಣ ಹೆಚ್ಚಿದ್ದು ಹತ್ತಾರು ವರ್ಷ ಬಾಳಬೇಕಾದರೆ ಟೆಂಡರ್, ಆದರೆ ಕೂಲಿ ಮತ್ತು ಲೇಬರ್ ಕಾರ್ಡಿನ ಮಾತು ಮೊದಲೇ ಆಗಿರಬೇಕು. ತುರ್ತಿನ ಸಣ್ಣ ದುರಸ್ತಿಗೆ, ಸ್ಥಳದಲ್ಲಿ ಇಂಜಿನಿಯರ್ ಇರುತ್ತಾರೆಂಬ ಖಾತ್ರಿ ಇದ್ದರೆ, ಭೂಸೇನೆ ಅಥವಾ ನಿರ್ಮಿತಿ ಕೇಂದ್ರ. ವರ್ಷಪೂರ್ತಿ ನಡೆಯುವ ಸೇವೆಗೆ ಸಂಘ. ಪಟ್ಟಣದ ವಾರ್ಡುಗಳಿಗೆ ಉದ್ಯೋಗ ಖಾತ್ರಿಯ ದಾರಿ ಇಲ್ಲದ್ದರಿಂದ ದಾವಣಗೆರೆ, ಹರಿಹರ, ಹಿರಿಯೂರಿನಂಥ ಕಡೆ ಟೆಂಡರ್ ಷರತ್ತುಗಳ ಮೇಲೇ ಪೂರ್ತಿ ಗಮನ ಕೊಡಬೇಕು.

ಯಾವುದನ್ನೇ ಆರಿಸಿದರೂ ಕಡತ ನೋಡುವ ಹಕ್ಕು ನಿಮ್ಮದು. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕಕ್ಕೆ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಕಾಗದವಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಆ ಕಾಯ್ದೆಯ 2(ಜೆ) ಕಲಂ ಕೊಟ್ಟಿದೆ. ಅರ್ಜಿಯನ್ನು ಕೆಲಸ ನಡೆಯುತ್ತಿರುವಾಗಲೇ ಹಾಕಿ.

ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಸಭೆಗಳು ಅಕ್ಟೋಬರ್ 2ರಿಂದ ಶುರುವಾಗುತ್ತವೆ. ಕೆಲಸದ ಹೆಸರಿನ ಜೊತೆಗೆ ಅದು ಯಾವ ದಾರಿಯಲ್ಲಿ ಆಗಬೇಕು, ಯಾವ ತಿಂಗಳಲ್ಲಿ ಆಗಬೇಕು ಎಂಬುದನ್ನೂ ಅದೇ ಸಭೆಯ ನಡಾವಳಿಯಲ್ಲಿ ಬರೆಸಿ, ಸಹಿ ಮಾಡುವ ಮುಂಚೆ ಓದಿಸಿ ಕೇಳಿ.